ಹುಣ್ಣಿಮೆಯಿಂದ ಹುಣ್ಣಿಮೆಗೆ ಹಕ್ಕಿಗಳ ಲೆಕ್ಕ



ಉತ್ತರ ಕರ್ನಾಟಕದಲ್ಲಿ ಕಪ್ಪು ನೆಲಕ್ಕೆ ಎರೆ ಎನ್ನುತ್ತಾರೆ. ಈ ಎರೆಯ ಬಯಲಿನಲ್ಲಿ ಬದುಕುತ್ತಿದ್ದ ಒಂದು ದೊಡ್ಡ ಹಕ್ಕಿಗೆ ಕನ್ನಡಿಗರು ಇಟ್ಟ ಹೆಸರು ಎರೆಭೂತ. ಸುಮಾರು ಒಂದು ಮೀಟರ್ ಎತ್ತರ. ಗಂಡು ಹದಿನೈದು ಕಿಲೋ ತೂಗುವುದುಂಟು. ಇಂದು ಇಡೀ ದೇಶದಲ್ಲಿ ಅದರ ಸಂಖ್ಯೆ ಇನ್ನೂರನ್ನು ಮುಟ್ಟುವುದಿಲ್ಲ. ಉಳಿದವುಗಳಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿವೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಮಾತ್ರ ಕಂಡುಬಂದಿವೆ. ಹಾಗಾದರೆ ಉಳಿದ ಎರೆ ಸೀಮೆಯಿಂದ ಅದು ಮಾಯವಾದದ್ದು ಯಾವ ವರ್ಷ? ಯಾವ ಊರಿನ ಹೊಲದಿಂದ ಮೊದಲು? ಇದಕ್ಕೆ ಉತ್ತರವಿಲ್ಲ. ಜನ ಅದಕ್ಕೆ ಹೆಸರಿಟ್ಟರು, ಅದರ ಕತೆ ಹೇಳಿದರು, ಎಣಿಸಲಿಲ್ಲ. ಎಣಿಸದೆ ಹೋದದ್ದು ಕಳೆದಾಗ ಕಳೆದದ್ದೇ ತಿಳಿಯುವುದಿಲ್ಲ.

ಈ ಸೀಮೆಯ ಹಕ್ಕಿಗಳ ಬಗ್ಗೆ ಬರವಣಿಗೆಯೇ ಇಲ್ಲವೆಂದಲ್ಲ. ಬೆಳಗಾವಿಯ ದಂಡಿನಲ್ಲಿದ್ದ ಇ.ಎ. ಬಟ್ಲರ್ ಎಂಬ ಬ್ರಿಟಿಷ್ ಅಧಿಕಾರಿ ದಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದ. ಎ.ಓ. ಹ್ಯೂಮ್ ಸಂಪಾದಿಸುತ್ತಿದ್ದ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ ಅದು 1881ರಲ್ಲಿ ಪ್ರಕಟವಾಯಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳೆಲ್ಲ ಅಂದು ಆ ‘ದಕ್ಷಿಣ ಮರಾಠಾ ಸೀಮೆ’ಯೊಳಗೇ ಇದ್ದವು. ಆದರೆ ಆ ಕಾಲದ ಪಟ್ಟಿಗಳಲ್ಲಿ ‘ಸಾಮಾನ್ಯ’, ‘ವಿರಳ’ ಎಂಬ ಮಾತುಗಳೇ ಹೆಚ್ಚು. ನೂರಕ್ಕೂ ಸಾಮಾನ್ಯ, ಸಾವಿರಕ್ಕೂ ಸಾಮಾನ್ಯ. ಯಾವ ಹಕ್ಕಿ ಇತ್ತು ಎಂಬುದನ್ನು ಪಟ್ಟಿ ಹೇಳುತ್ತದೆ. ಎಷ್ಟಿತ್ತು ಎಂಬುದನ್ನು ಎಣಿಕೆಯೇ ಹೇಳಬೇಕು.

ಎಣಿಸಲು ಎಲ್ಲಿಗೂ ಹೋಗಬೇಕಾಗಿಲ್ಲ. ಕಿತ್ತೂರಿನಲ್ಲಿ ತುಂಬುಗೆರೆ ಇದೆ. ಕನಕುಂಬಿಯಲ್ಲಿ ಹುಟ್ಟಿ ಬರುವ ಮಲಪ್ರಭೆಗೆ ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿ 1970ರ ದಶಕದಲ್ಲಿ ನೀರು ನಿಲ್ಲಿಸಲಾಯಿತು. ಸುಮಾರು 37 ಟಿಎಂಸಿ ನೀರು ಹಿಡಿಯಬಲ್ಲ ಆ ಜಲಾಶಯವೇ ರೇಣುಕಾಸಾಗರ. ಹಕ್ಕಿಯ ಹೆಸರನ್ನೇ ಹೊತ್ತ ಊರಿನಲ್ಲಿ ಹಕ್ಕಿಗಳಿಗೆ ಹೊಸದೊಂದು ನೀರು ದೊರೆತಂತಾಯಿತು. ಇಂಥ ದೊಡ್ಡ ನೀರು ಹತ್ತಿರವಿಲ್ಲದಿದ್ದರೂ ಊರಿಗೊಂದು ಕೆರೆಯೋ ಹೊಂಡವೋ ಇದ್ದೇ ಇದೆ. ಅದರ ದಂಡೆಗೆ ಒಂದು ಓಣಿಯೂ ಇದೆ. ಆ ಓಣಿಯ ಮಾಳಿಗೆಯಿಂದ ಬೆಳಗಿನ ಚಹಾ ಕುಡಿಯುತ್ತ ನೀರು ನೋಡುವವರೇ ಹಕ್ಕಿಗಳ ಲೆಕ್ಕ ಬರೆಯಲು ತಕ್ಕವರು. ಹೊರಗಿನ ಪಕ್ಷಿತಜ್ಞ ವರ್ಷಕ್ಕೊಮ್ಮೆ ಬಂದಾನು. ಓಣಿಯವರು ವಾರಕ್ಕೊಮ್ಮೆ ನೋಡಬಲ್ಲರು.

ಈ ಲೆಕ್ಕಕ್ಕೆ ಪಂಚಾಂಗವೂ ಸಿದ್ಧವಾಗಿದೆ. ಸೀಗಿ ಹುಣ್ಣಿಮೆಯ ಹೊತ್ತಿಗೆ ಮಳೆ ಹಿಂದೆಗೆದು ಕೆರೆಗಳು ತುಂಬಿರುತ್ತವೆ. ಬಾಲ ಕುಣಿಸುವ ಸಿಪಿಲೆಗಳೂ ಕವಲುತೋಕೆಗಳೂ ಆಗಲೇ ಬಂದಿಳಿಯುತ್ತವೆ. ಗೌರಿ ಹುಣ್ಣಿಮೆಯಿಂದ ಹೊಸ್ತಿಲ ಹುಣ್ಣಿಮೆಯವರೆಗೆ ಬಾತುಗಳ ಸರದಿ. ಸೂಜಿಬಾಲದ ಬಾತು, ಚಲುಕದ ಬಾತು, ಸಂಸ್ಕೃತ ಕವಿಗಳ ಚಕ್ರವಾಕವಾದ ಕಂದು ಬಾತು ಉತ್ತರ ಕರ್ನಾಟಕದ ಕೆರೆ ಜಲಾಶಯಗಳಿಗೆ ಚಳಿಗಾಲದಲ್ಲಿ ಬರುವ ಅತಿಥಿಗಳು. ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳ ಹೆಬ್ಬಾತು ಹಿಮಾಲಯವನ್ನು ದಾಟಿ ಬರುತ್ತದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಅವು ದೊಡ್ಡ ಸಂಖ್ಯೆಯಲ್ಲಿ ಇಳಿಯುವ ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸರ್ ತಾಣಗಳ ಪಟ್ಟಿಗೆ ಸೇರಿತು.

ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳು ಹೊರಡುವ ದಿನಗಳಲ್ಲಿ ನೀರಿನ ಮೇಲೂ ಜಾತ್ರೆ ತುಂಬಿರುತ್ತದೆ. ಹೊಲದಲ್ಲಿ ಹಿಂಗಾರಿ ಜೋಳದ ತೆನೆ ಕಾಯುತ್ತ ಕವಣೆ ಬೀಸುವವರಿಗೆ ಗುಲಾಬಿ ಕಬ್ಬಕ್ಕಿಗಳ ಹಿಂಡಿನ ಪರಿಚಯ ಬೇಡ. ಅವೂ ಪರದೇಶದಿಂದ ಬಂದವೇ. ಭಾರತ ಹುಣ್ಣಿಮೆ ಕಳೆಯುತ್ತಲೇ ಬಾತುಗಳು ಕರಗತೊಡಗುತ್ತವೆ. ಹೋಳಿ ಮುಗಿದು ಯುಗಾದಿ ಬರುವಷ್ಟರಲ್ಲಿ ನೀರಿನಲ್ಲಿ ಉಳಿಯುವವರು ಹೆಚ್ಚಾಗಿ ಊರಿನವರೇ: ಗುಳುಮುಳುಕ, ಜಂಬುಕೋಳಿ, ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿ, ದಂಡೆಯಲ್ಲಿ ಕೂಗುವ ಟಿಟ್ಟಿಭ. ಸೀಗಿಯಿಂದ ಹೋಳಿಯವರೆಗೆ ಐದು ತಿಂಗಳು. ಎಣಿಕೆಯ ಒಂದು ಋತುವೆಂದರೆ ಇಷ್ಟೇ.

ಎಣಿಸುವ ಕ್ರಮದಲ್ಲಿ ಗುಟ್ಟೇನೂ ಇಲ್ಲ, ಶಿಸ್ತು ಮಾತ್ರ ಬೇಕು. ಅದೇ ಜಾಗ, ಅದೇ ಹೊತ್ತು, ಅಷ್ಟೇ ಸಮಯ. ಈ ವಾರ ಬೆಳಗ್ಗೆ ಏಳಕ್ಕೆ ಅರ್ಧ ಗಂಟೆ ನೋಡಿ, ಮುಂದಿನ ವಾರ ಮಧ್ಯಾಹ್ನ ಎರಡು ಗಂಟೆ ನೋಡಿದರೆ ಆ ಎರಡು ಸಂಖ್ಯೆಗಳನ್ನು ಹೋಲಿಸುವಂತಿಲ್ಲ. ದೊಡ್ಡ ಹಿಂಡು ಕಂಡರೆ ಮೊದಲು ಹತ್ತನ್ನು ಸರಿಯಾಗಿ ಎಣಿಸಿ, ಅಂಥ ಹತ್ತುಗಳು ಹಿಂಡಿನಲ್ಲಿ ಎಷ್ಟಾಗುತ್ತವೆ ಎಂದು ಅಳೆಯುತ್ತ ಹೋಗಬೇಕು. ಹೊಲದ ಅಂಚಿಗೆ ನಿಂತು ಇದು ಎಷ್ಟು ಚೀಲ ಕಾಳು ಎಂದು ಅಂದಾಜು ಮಾಡುವ ರೈತನಿಗೆ ಈ ವಿದ್ಯೆ ಹೊಸದಲ್ಲ. ಗುರುತು ಸಿಗದ ಹಕ್ಕಿಯನ್ನು ‘ಗುರುತಿಸದ ಬಾತು, ಹನ್ನೆರಡು’ ಎಂದೇ ಬರೆಯಬೇಕು. ಊಹಿಸಿ ಹೆಸರು ಕೊಡಬಾರದು. ಒಂದೂ ಕಾಣದ ದಿನ ಸೊನ್ನೆ ಬರೆಯಬೇಕು. ಬಹಳಷ್ಟು ಜನ ತಪ್ಪುವುದು ಇಲ್ಲೇ. ಹಕ್ಕಿ ಬಂದ ದಿನ ಸಂಭ್ರಮದಿಂದ ಬರೆದು, ಬಾರದ ದಿನ ವಹಿ ಮುಚ್ಚಿಡುತ್ತಾರೆ. ಹತ್ತು ವರ್ಷ ಕಳೆದ ಮೇಲೆ ಆ ವಹಿಯನ್ನು ತೆರೆದು ನೋಡಿದವರಿಗೆ ಹಕ್ಕಿಗಳು ಎಂದೂ ಕಡಿಮೆಯಾಗಲೇ ಇಲ್ಲವೆಂಬ ಭ್ರಮೆ ಹುಟ್ಟುತ್ತದೆ.

ಸಂಖ್ಯೆಯ ಪಕ್ಕದಲ್ಲಿ ನೀರಿನ ಮಟ್ಟವನ್ನೂ ಬರೆದಿಡುವುದು ಅಗತ್ಯ. ಕೆರೆ ತುಂಬಿದಾಗ ಬಾತುಗಳಿಗೆ ಈಜಲು ಹರವು. ನೀರು ಇಳಿದು ಕೆಸರು ತೋರಿದಾಗ ಮೆಟ್ಟುಗಾಲು, ಗದ್ದೆಗೊರವಗಳಿಗೆ ಉಣ್ಣಲು ಜಾಗ. ಕಾಲುವೆಗೆ ನೀರು ಬಿಟ್ಟಂತೆಲ್ಲ ಮಟ್ಟ ಇಳಿಯುವ ಜಲಾಶಯದಲ್ಲಿ ಇದು ಇನ್ನೂ ಮುಖ್ಯ. ಈ ವರ್ಷ ಬಾತು ಕಡಿಮೆ ಎಂದ ಮಾತ್ರಕ್ಕೆ ಬಾತುಗಳೇ ಕಡಿಮೆಯಾದವು ಎನ್ನುವಂತಿಲ್ಲ. ಪಕ್ಕದ ಕೆರೆಯಲ್ಲಿ ಹೆಚ್ಚು ನೀರು ಇದ್ದಿರಬಹುದು. ಆದ್ದರಿಂದಲೇ ಕಿತ್ತೂರಿನವರು ಎಣಿಸುವ ಬೆಳಗ್ಗೆಯೇ ಬೈಲಹೊಂಗಲ, ಸವದತ್ತಿ, ರಾಮದುರ್ಗದವರೂ ಎಣಿಸಿದರೆ ಲೆಕ್ಕಕ್ಕೆ ನಾಲ್ಕು ಪಟ್ಟು ಬೆಲೆ.

ಏಷ್ಯಾದ ನೀರುಹಕ್ಕಿಗಳ ಗಣತಿಯೂ ಇದೇ ತತ್ವದ ಮೇಲೆ ನಿಂತಿದೆ. 1987ರಲ್ಲಿ ಆರಂಭವಾದ ಈ ಗಣತಿಯಲ್ಲಿ ಅನೇಕ ದೇಶಗಳ ಸ್ವಯಂಸೇವಕರು ಜನವರಿಯ ಅದೇ ದಿನಗಳಲ್ಲಿ ತಂತಮ್ಮ ಕೆರೆಗಳ ಬಳಿ ನಿಂತು ಎಣಿಸುತ್ತಾರೆ. ಆ ದಿನಗಳು ಬನದ ಹುಣ್ಣಿಮೆಯ ಆಚೀಚೆಯೇ ಬರುತ್ತವೆ. ಅದಕ್ಕೂ ಮೊದಲು, 1900ರ ಕ್ರಿಸ್‌ಮಸ್ ದಿನ, ಅಮೆರಿಕದಲ್ಲಿ ಫ್ರಾಂಕ್ ಚಾಪ್ಮನ್ ಎಂಬಾತ ಹಕ್ಕಿಗಳನ್ನು ಬೇಟೆಯಾಡುವ ಹಬ್ಬದ ಪದ್ಧತಿಗೆ ಬದಲಾಗಿ ಎಣಿಕೆಯನ್ನು ಸೂಚಿಸಿದ. ಮೊದಲ ವರ್ಷ ಕೈಗೂಡಿದವರು 27 ಜನ. ಆ ಎಣಿಕೆ ಇಂದಿಗೂ ನಿಂತಿಲ್ಲ. ಕರ್ನಾಟಕದಲ್ಲಿ ಬೆಂಗಳೂರಿನ ಸುತ್ತಲಿನ ಕೆರೆಗಳನ್ನು ಹಕ್ಕಿಪ್ರಿಯರು ಎಣಿಸಿದ ವರದಿ 1996ರಲ್ಲಿ ಹೊರಬಂತು. ಅದೇ ನಗರದ ಜೆ.ಪಿ. ನಗರದಲ್ಲಿ ಪುಟ್ಟೇನಹಳ್ಳಿ ಕೆರೆಯ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ಕೆರೆಯ ಆರೈಕೆಗೆ ನಿಂತರು. ಅಲ್ಲಿ ಹಕ್ಕಿಗಳ ಪಟ್ಟಿ ಕೆರೆಯ ಆರೋಗ್ಯದ ಪಟ್ಟಿಯೂ ಆಯಿತು.

ಬಿಡಿ ಲೆಕ್ಕಗಳು ಕೂಡಿದಾಗ ಏನಾಗುತ್ತದೆ ಎಂಬುದಕ್ಕೆ 2023ರ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ ಸಾಕ್ಷಿ. ಮೂವತ್ತು ಸಾವಿರಕ್ಕೂ ಹೆಚ್ಚು ಹಕ್ಕಿವೀಕ್ಷಕರು ಬರೆದಿಟ್ಟ ಮೂರು ಕೋಟಿ ದಾಖಲೆಗಳೇ ಅದಕ್ಕೆ ಆಧಾರ. ದೀರ್ಘಕಾಲದ ಏರಿಳಿತವನ್ನು ಹೇಳಲು ಸಾಧ್ಯವಾದದ್ದು 338 ಜಾತಿಗಳ ವಿಷಯದಲ್ಲಿ. ಅವುಗಳಲ್ಲಿ 204 ಇಳಿಮುಖವಾಗಿವೆ, 98 ಸ್ಥಿರವಾಗಿವೆ, 36 ಹೆಚ್ಚಿವೆ. ಆದರೆ ವರದಿ 942 ಜಾತಿಗಳನ್ನು ಪರಿಶೀಲಿಸಿತ್ತು ಎಂಬುದನ್ನು ಮರೆಯಬಾರದು. ಉಳಿದ ಆರುನೂರಕ್ಕೂ ಹೆಚ್ಚು ಜಾತಿಗಳ ದೀರ್ಘಕಾಲದ ಕತೆ ಹೇಳಲಾಗಲಿಲ್ಲ. ಸಾಕಷ್ಟು ಹಳೆಯ ಲೆಕ್ಕವಿಲ್ಲ ಎಂಬುದೇ ಕಾರಣ. ಹಳೆಯ ಲೆಕ್ಕವನ್ನು ಯಾರೂ ಈಗ ಹೋಗಿ ಬರೆಯಲಾರರು.

ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಬೆಳ್ಳಕ್ಕಿ, ಜಂಬುಕೋಳಿಗಳನ್ನು ಎಣಿಸಲು ಅಡ್ಡಿಯಿಲ್ಲ. ಶಾಲೆಯ ಮಕ್ಕಳು, ನಿವೃತ್ತ ಮಾಸ್ತರರು, ಕೆರೆಗೆ ಎಮ್ಮೆ ಹೊಡೆದುಕೊಂಡು ಬರುವವರು, ಎಲ್ಲರಿಗೂ ಇದರಲ್ಲಿ ಪಾಲಿದೆ. ಮುಂದೊಂದು ದಿನ ಕೆರೆಯ ಅಂಗಳವನ್ನು ನಿವೇಶನ ಮಾಡಬೇಕೆಂಬ ಮಾತು ಎದ್ದರೆ, ‘ಇಲ್ಲಿ ಹಕ್ಕಿಗಳಿದ್ದವು’ ಎಂಬ ನೆನಪು ಯಾವ ಕಚೇರಿಯಲ್ಲೂ ನಿಲ್ಲುವುದಿಲ್ಲ. ‘ಇಂಥ ವರ್ಷ, ಇಂಥ ದಿನ, ಇಷ್ಟು’ ಎಂಬ ಹತ್ತು ವರ್ಷಗಳ ವಹಿ ಮೇಜಿನ ಮೇಲೆ ಬಂದರೆ ಉತ್ತರ ಕೊಡಬೇಕಾಗುತ್ತದೆ.

ಎರೆಭೂತಕ್ಕೆ ಅಂಥ ವಹಿ ಇರಲಿಲ್ಲ. ಟಿಟ್ಟಿಭಕ್ಕೆ, ಗುಳುಮುಳುಕಕ್ಕೆ ಇನ್ನೂ ಕಾಲ ಮಿಂಚಿಲ್ಲ. ಬರುವ ಸೀಗಿ ಹುಣ್ಣಿಮೆಯ ಮರುದಿನ ಬೆಳಗ್ಗೆ ಕೆರೆಯ ದಂಡೆಯ ಓಣಿಯಲ್ಲಿ ಯಾರಾದರೊಬ್ಬರು ಮೊದಲ ಸಾಲು ಬರೆಯಲಿ.