ಕೂಸು, ಕುಲಾವಿ, ಬೆಳ್ಳಾವಿ



ಶಾಲಾ ಕಟ್ಟಡ ಮತ್ತು ಮಕ್ಕಳ ದಾಖಲಾತಿಯ ಅಂದಾಜು ಕುರಿತ ಈ ವಿಚಾರ ಸಂಕಿರಣವನ್ನು ತುಮಕೂರಿನ ಯಾವುದೋ ಸಭಾಂಗಣದಲ್ಲಿ ಇಡದೆ ಬೆಳ್ಳಾವಿಗೇ ತಂದದ್ದು ಒಳ್ಳೆಯದಾಯಿತು. ಇವತ್ತಿನ ವಿಷಯಕ್ಕೆ ಕನ್ನಡದಲ್ಲಿ ಒಂದು ಗಾದೆಯೇ ಇದೆ: ಕೂಸು ಹುಟ್ಟುವ ಮುಂಚೆ ಕುಲಾವಿ. ಪ್ರಾಸಕ್ಕೂ ಈ ಊರೇ ಸರಿ. ಆದರೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ನಡೆಯುತ್ತಿರುವುದು ಗಾದೆಗಿಂತ ವಿಚಿತ್ರ. ಇಲ್ಲಿ ಕುಲಾವಿ ಬರುವುದು ಕೂಸು ಬೆಳೆದು ಬೇರೆ ಊರಿನ ವ್ಯಾನು ಹತ್ತಿ ಹೋದ ಮೇಲೆ.

ಈ ಸೀಮೆಯದೇ ಒಂದು ಹಳ್ಳಿ. ಹೆಸರು ಹೇಳುವುದಿಲ್ಲ, ಹೇಳಿದರೆ ಪಾಪ, ಆ ಮೇಷ್ಟರಿಗೆ ನೋಟಿಸು ಬರುತ್ತದೆ. ಶಾಲೆಗೆ ಎರಡು ಹೊಸ ಆರ್‌ಸಿಸಿ ಕೊಠಡಿ, ಗೋಡೆಯ ಮೇಲೆ ಉದ್ಘಾಟನೆಯ ಕಲ್ಲು. ಒಂದು ಕೊಠಡಿಯಲ್ಲಿ ಕಾಲು ಮುರಿದ ಬೆಂಚು, ಹಳೆಯ ರೇಡಿಯೊ, ಚುನಾವಣೆಗೆ ತಂದು ಬಿಟ್ಟುಹೋದ ರಟ್ಟಿನ ಡಬ್ಬಗಳು. ಇನ್ನೊಂದರಲ್ಲಿ ಹನ್ನೊಂದು ಮಕ್ಕಳು. ಅಲ್ಲಿಂದ ನಾಲ್ಕು ಕಿಲೋಮೀಟರ್ ದೂರದ ಇನ್ನೊಂದು ಶಾಲೆಯಲ್ಲಿ ಹಂಚು ಜಾರಿದ ಹಳೇ ಕೊಠಡಿ. ಮಳೆ ಬಂದರೆ ಎರಡು ತರಗತಿಯ ಮಕ್ಕಳು ಬಿಸಿಯೂಟದ ಕೋಣೆಗೆ ಓಡುತ್ತಾರೆ. ಎರಡೂ ಒಂದೇ ತಾಲ್ಲೂಕು, ಎರಡಕ್ಕೂ ಒಂದೇ ಬೊಕ್ಕಸ. ಮೊದಲನೆಯ ಶಾಲೆಯ ಮುಂದೆ ಕೂತಿದ್ದ ಅಜ್ಜ ನನ್ನನ್ನು ಯಾರೋ ಸಾಹೇಬರು ಅಂದುಕೊಂಡು ಕೇಳಿದರು: ‘ಸ್ವಾಮಿ, ಮಕ್ಕಳಿಲ್ಲದ ಕಡೆ ಕಟ್ತೀರ, ಇರೋ ಕಡೆ ಬಿಡ್ತೀರ. ಯಾರ ದುಡ್ಡು ಇದು?’

ನಾನು ಆ ಪ್ರಶ್ನೆಯನ್ನು ತೆರಿಗೆದಾರನ ಪ್ರಶ್ನೆ ಎಂದು ಕರೆಯುತ್ತೇನೆ. ತೆರಿಗೆದಾರ ಎಂದಾಗ ಆದಾಯ ತೆರಿಗೆ ಕಟ್ಟುವ ಬೆಂಗಳೂರಿನವರೇ ನಮ್ಮ ಕಣ್ಣಿಗೆ ಬರುತ್ತಾರೆ. ಆ ಅಜ್ಜ ಕಟ್ಟುವ ಮನೆ ಕಂದಾಯದ ರಸೀದಿ ನೋಡಿ. ಗ್ರಾಮ ಪಂಚಾಯಿತಿ ತೆರಿಗೆಯ ಜೊತೆಗೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಸೇರಿಸಿ ವಸೂಲು ಮಾಡುತ್ತದೆ. ಅದರೊಳಗೆ ನೂರಕ್ಕೆ ಹತ್ತರಂತೆ ಶಿಕ್ಷಣ ಕರವೂ ಇದೆ. ಕೇಂದ್ರ ಸರ್ಕಾರ 2004ರಲ್ಲಿ ಶೇ. 2ರ ಶಿಕ್ಷಣ ಸೆಸ್ ಹಾಕಿತು, 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದು ಇನ್ನೂ ಶೇ. 1, 2018ರಿಂದ ಆರೋಗ್ಯವನ್ನೂ ಕೂಡಿಸಿ ಶೇ. 4. ಆ ಶೇ. 1ರ ಸೆಸ್‌ನಿಂದ ಹತ್ತು ವರ್ಷಗಳಲ್ಲಿ ಬಂದ ಎಂಬತ್ತು ಸಾವಿರ ಕೋಟಿಗೂ ಮೀರಿದ ಹಣ ಅದಕ್ಕೆಂದೇ ಇರಬೇಕಾದ ನಿಧಿಗೆ ಹೋಗಿಲ್ಲ ಎಂದು ಸಿಎಜಿ ಹೇಳಿತು. ನಿಧಿಯೇ ಸ್ಥಾಪನೆಯಾಗಿರಲಿಲ್ಲ! ಅಂದರೆ ಶಾಲೆಯ ಹೆಸರಿನಲ್ಲಿ ಜನ ಎರಡು ಮೂರು ಕಡೆ ಕಟ್ಟುತ್ತಾರೆ. ಕೊಠಡಿ ಎಲ್ಲಿ ಏಳಬೇಕು ಎಂದು ಕೇಳುವ ಕಿಟಕಿ ಮಾತ್ರ ಎಲ್ಲೂ ಇಲ್ಲ.

ಆ ಕಿಟಕಿ ಅಮೆರಿಕದಲ್ಲಿದೆ. ಅಲ್ಲಿ ಶಾಲಾ ಜಿಲ್ಲೆ ಎಂಬ ಘಟಕವೇ ಬೇರೆ. ಹೆಚ್ಚಿನ ಕಡೆ ಆ ಜಿಲ್ಲೆಗೆ ಸ್ವಂತ ಚುನಾಯಿತ ಮಂಡಳಿ, ಮನೆ ಕಂದಾಯದಲ್ಲೇ ಶಾಲೆಯ ಪಾಲು. ದೊಡ್ಡ ಕಟ್ಟಡ ಎತ್ತಬೇಕಾದರೆ ಸಾಲಪತ್ರಕ್ಕೆ ಬಹಳಷ್ಟು ರಾಜ್ಯಗಳಲ್ಲಿ ಜನರ ಮತ ಕೇಳಬೇಕು. ಆಗ ಊರವರು ಕೈಯಲ್ಲಿ ಕಾಗದ ಹಿಡಿದು ಎದ್ದು ನಿಂತು ‘ಹತ್ತು ವರ್ಷದಲ್ಲಿ ಇಷ್ಟು ಮಕ್ಕಳು ಬರುತ್ತಾರೆ ಅಂತ ಯಾರು ಹೇಳಿದರು’ ಎಂದು ಜಗಳ ತೆಗೆಯುತ್ತಾರೆ. ನಮ್ಮಲ್ಲೂ ಶೈಕ್ಷಣಿಕ ಜಿಲ್ಲೆ ಇದೆ. ತುಮಕೂರು ಕಂದಾಯ ಜಿಲ್ಲೆಯೊಳಗೆ ತುಮಕೂರು, ಮಧುಗಿರಿ ಎಂದು ಎರಡು. ಆದರೆ ಅವು ಆಡಳಿತದ ಗೆರೆಗಳು, ಜನ ಮತ ಹಾಕುವ ಗೆರೆಗಳಲ್ಲ. ಅವರ ಪದ್ಧತಿ ತರೋಣ ಎಂದು ನಾನು ಹೇಳುವುದಿಲ್ಲ. ಶ್ರೀಮಂತ ಊರಿಗೆ ಶ್ರೀಮಂತ ಶಾಲೆ, ಬಡ ಊರಿಗೆ ಬಡ ಶಾಲೆ ಎಂಬ ಕೆಡುಕು ಅದರ ಬೆನ್ನಿಗೇ ಬರುತ್ತದೆ. ಆ ಜಗಳವಷ್ಟೇ ನನಗೆ ಬೇಕಾದ್ದು.

ಅದನ್ನು ಮಾಡಲು ನಮ್ಮ ಕಾನೂನೇ ಅವಕಾಶ ಕೊಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯೇ, ಅಂದರೆ ನಮ್ಮ ಎಸ್‌ಡಿಎಂಸಿಯೇ, ಶಾಲಾ ಅಭಿವೃದ್ಧಿ ಯೋಜನೆ ಮಾಡಬೇಕು. ಸರ್ಕಾರದ ಯೋಜನೆ, ಅನುದಾನಗಳಿಗೆ ಅದೇ ಆಧಾರವಾಗಬೇಕು. ಕೇಂದ್ರದ ಮಾದರಿ ನಿಯಮ ಇನ್ನೂ ಬಿಡಿಸಿ ಹೇಳುತ್ತದೆ: ಯೋಜನೆ ಮೂರು ವರ್ಷದ್ದಿರಲಿ, ಅದರಲ್ಲಿ ಪ್ರತಿ ವರ್ಷದ ತರಗತಿವಾರು ದಾಖಲಾತಿಯ ಅಂದಾಜು ಇರಲಿ, ಆ ಅಂದಾಜಿನ ಮೇಲೆ ಶಿಕ್ಷಕರು, ಕೊಠಡಿ, ಹಣ ಎಷ್ಟು ಬೇಕೆಂದು ಬರೆಯಲಿ. ಮೊದಲು ಮಕ್ಕಳು, ಆಮೇಲೆ ಸಿಮೆಂಟು. ಈ ಸಭೆಯಲ್ಲಿರುವ ಎಸ್‌ಡಿಎಂಸಿ ಅಧ್ಯಕ್ಷರಲ್ಲಿ ಎಷ್ಟು ಜನ ಆ ಪುಟವನ್ನು ತಾವೇ ತುಂಬಿಸಿದ್ದೀರಿ? ಕೈ ಎತ್ತುವುದು ಬೇಡ. ಸಹಿ ಹಾಕಿದ ನೆನಪಿದ್ದರೆ ಸಾಕು.

ನಡೆಯುವುದು ಹೀಗೆ. ರಾಜಧಾನಿಯಲ್ಲಿ ಒಂದು ಸಂಖ್ಯೆ ಘೋಷಣೆಯಾಗುತ್ತದೆ. 2022ರಲ್ಲಿ ‘ವಿವೇಕ’ ಯೋಜನೆಯಡಿ ಏಳು ಸಾವಿರಕ್ಕೂ ಹೆಚ್ಚು ಕೊಠಡಿ ಎಂದಾಯಿತು. ಆಗಿನ ಶಿಕ್ಷಣ ಸಚಿವರು ನಮ್ಮದೇ ಜಿಲ್ಲೆಯ ತಿಪಟೂರಿನ ಶಾಸಕರು, ಬಿ.ಸಿ. ನಾಗೇಶ್. ಆ ವರ್ಷದ ಮಕ್ಕಳ ದಿನಾಚರಣೆಯ ಹೊತ್ತಿಗೆ ಕೊಠಡಿಗೆ ಯಾವ ಬಣ್ಣ ಎಂಬ ಬಗ್ಗೆ ರಾಜ್ಯವೆಲ್ಲ ವಾಗ್ವಾದ. ಕೇಸರಿ ಸರಿಯೋ ತಪ್ಪೋ ಎಂದು ಪುಟಗಟ್ಟಲೆ ಬಂತು. ಒಳಗೆ ಕೂರುವವರು ಎಷ್ಟು ಮಂದಿ ಎಂಬ ಲೆಕ್ಕ ನನ್ನ ಕಣ್ಣಿಗೆ ಬೀಳಲಿಲ್ಲ. ಕೊಠಡಿಗಳು ಬೇಕಾಗಿರಲಿಲ್ಲ ಎಂದಲ್ಲ. ಹಂಚು ಜಾರಿದ ಆ ಶಾಲೆಗೆ ನಾಳೆಯೇ ಬೇಕು.

ಈಗ ಅಂದಾಜಿನ ಕಷ್ಟಕ್ಕೆ ಬರುತ್ತೇನೆ. ಎಂಜಿನಿಯರ್ ಮಿತ್ರರು ಬೇಸರಪಡಬಾರದು: ಅಂದಾಜು ಪಟ್ಟಿ ಎಂದರೆ ನಿಮಗೆ ಕಬ್ಬಿಣ, ಜಲ್ಲಿ, ಮರಳು. ಅವುಗಳ ದರ ಪುಸ್ತಕದಲ್ಲಿದೆ. ಮಕ್ಕಳದ್ದಕ್ಕೆ ಪುಸ್ತಕವಿಲ್ಲ.

ಜನಗಣತಿ ಕೊನೆಗೆ ನಡೆದದ್ದು 2011ರಲ್ಲಿ. 2021ರದ್ದು ತಪ್ಪಿತು, ಮುಂದಿನದಕ್ಕೆ 2027ರ ಮಾರ್ಚ್ 1 ನಿಗದಿಯಾಗಿದೆ. 2011ರಲ್ಲಿ ತೊಟ್ಟಿಲಲ್ಲಿದ್ದ ಕೂಸು ಈಗ ಎಸ್ಸೆಸ್ಸೆಲ್ಸಿ ಹಂತದಲ್ಲಿದೆ. ಆ ಗಣತಿ ಹಿಡಿದು ಒಂದನೇ ತರಗತಿಯನ್ನು ಊಹಿಸುವುದು ಹೋದ ವರ್ಷದ ಪಂಚಾಂಗ ನೋಡಿ ಮದುವೆ ಇಟ್ಟ ಹಾಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಂತೆ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಒಟ್ಟು ಮಕ್ಕಳು ಕಡಿಮೆಯಾಗುತ್ತಾರೆ, ಅದು ಖಚಿತ. ಯಾವ ಊರಿನಲ್ಲಿ ಎಂಬುದೇ ಪ್ರಶ್ನೆ.

ಇಲ್ಲಿಂದ ದೂರವಿಲ್ಲದ ವಸಂತನರಸಾಪುರದಲ್ಲಿ 2014ರಲ್ಲಿ ಫುಡ್ ಪಾರ್ಕ್ ಬಂತು, ಸುತ್ತ ಕಾರ್ಖಾನೆಗಳು ಬಂದವು. ಗುಬ್ಬಿಯ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಘಟಕ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಕೆಲಸಕ್ಕೆ ಬಂದವರ ಮಕ್ಕಳು ಯಾವ ಶಾಲೆಗೆ, ಯಾವ ಭಾಷೆಯಲ್ಲಿ? ಕುಣಿಗಲ್ ಕಡೆಯವರಿಗೆ ಬೆಂಗಳೂರು ಹತ್ತಿರ. ತಂದೆ ಕೆಲಸಕ್ಕೆ ಹೋದ ಎರಡು ವರ್ಷಕ್ಕೆ ಸಂಸಾರವೂ ಹೋಗುತ್ತದೆ. ಇತ್ತ ಸಿದ್ಧಗಂಗೆಯಂಥ ಮಠದ ಉಚಿತ ವಿದ್ಯಾರ್ಥಿನಿಲಯ, ಮೊರಾರ್ಜಿ ವಸತಿ ಶಾಲೆ ಹಳ್ಳಿಯ ಮಕ್ಕಳನ್ನು ಕರೆಯುತ್ತವೆ. ಅವರು ಎಲ್ಲೋ ಓದುತ್ತಿದ್ದಾರೆ, ಒಳ್ಳೆಯದೇ. ಊರಿನ ಹಾಜರಿ ಪುಸ್ತಕದಲ್ಲಿ ಮಾತ್ರ ಇರುವುದಿಲ್ಲ.

ಅಸರ್ ಸಮೀಕ್ಷೆ ನೋಡಿ. ದೇಶದ ಹಳ್ಳಿಗಳಲ್ಲಿ 6ರಿಂದ 14 ವಯಸ್ಸಿನವರ ಪೈಕಿ ಸರ್ಕಾರಿ ಶಾಲೆಯಲ್ಲಿದ್ದವರು 2018ರಲ್ಲಿ ಶೇ. 65.6. ಕೊರೊನಾ ಕಳೆದು 2022ರಲ್ಲಿ ಶೇ. 72.9. ‘ಸರ್ಕಾರಿ ಶಾಲೆಗೆ ಮರಳಿದ ಮಕ್ಕಳು’ ಎಂದು ಸಂಭ್ರಮಿಸಿದೆವು, ನಾನೂ ಒಂದು ಲೇಖನ ಬರೆದೆ. 2024ಕ್ಕೆ ಶೇ. 66.8! ಆ ಏರಿಕೆ ನೆಚ್ಚಿ ಕಟ್ಟಿದ ಕೊಠಡಿಯ ಗತಿ ಏನು? ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ನಿಯಮ 2025-26ರಿಂದ ಜಾರಿ ಎಂದಿತ್ತು, ಆ ವರ್ಷಕ್ಕೆ ಐದೂವರೆಯ ಆಸುಪಾಸಿಗೆ ಸಡಿಲವಾಯಿತು. ಒಂದು ಆದೇಶದಿಂದ ತರಗತಿ ಹಿಗ್ಗುತ್ತದೆ, ಕುಗ್ಗುತ್ತದೆ.

ಹನ್ನೊಂದು ಮಕ್ಕಳ ಶಾಲೆಯಲ್ಲಿ ಶೇಕಡಾವಾರು ಲೆಕ್ಕಕ್ಕೆ ಅರ್ಥವೇ ಇಲ್ಲ. ಒಂದು ಮನೆಯ ಇಬ್ಬರು ಟಿ.ಸಿ. ತೆಗೆದುಕೊಂಡರೆ ಸುಮಾರು ಶೇ. 18 ಕುಸಿತ. ರಾಜ್ಯಕ್ಕೆ ಅಂಕಿ ಸಾಕು, ಹಳ್ಳಿಗೆ ಹೆಸರು ಬೇಕು: ಯಾರ ಮಗು, ಎಷ್ಟು ತಿಂಗಳು, ಅಂಗನವಾಡಿಗೆ ಬರುತ್ತಿದೆಯೇ, ಎಲ್‌ಕೆಜಿ ವ್ಯಾನಿಗೆ ಹೆಸರು ಕೊಟ್ಟಾಯಿತೇ. ಆಶಾ ಕಾರ್ಯಕರ್ತೆಗೂ ಅಂಗನವಾಡಿ ಟೀಚರಿಗೂ ಇದು ಬಾಯಿಪಾಠ. ಅವರನ್ನು ಕೇಳುವ ಕಾಲಂ ನಮ್ಮ ನಮೂನೆಯಲ್ಲಿಲ್ಲ.

ಇನ್ನೊಂದು ಗಂಟಿದೆ. ಮುಖ್ಯಶಿಕ್ಷಕರಿಗೆ ನಿಜ ಸಂಖ್ಯೆ ಹೇಳಿದರೆ ಲಾಭವೇನು? ಮಕ್ಕಳು ಕಡಿಮೆ ಎಂದು ಬರೆದರೆ ತಮ್ಮ ಹೆಸರೇ ‘ಹೆಚ್ಚುವರಿ’ ಪಟ್ಟಿಗೆ. ಊರವರಿಗೆ ಶಾಲೆ ವಿಲೀನವಾಗುವ ದಿಗಿಲು. ಕರ್ನಾಟಕ ಪಬ್ಲಿಕ್ ಶಾಲೆಗಳ ವಿಸ್ತರಣೆಯ ಮಾತು ಬಂದಾಗಲೆಲ್ಲ ಸಣ್ಣ ಶಾಲೆಯ ಊರುಗಳಲ್ಲಿ ಇದೇ ಮಾತು. ಹೀಗಿರುವಾಗ ಪುಸ್ತಕದಲ್ಲಿ ಎರಡು ಹೆಸರು ಉಳಿದುಕೊಂಡರೆ ಮೇಷ್ಟರನ್ನು ಬೈಯುವುದು ಸುಲಭ. ಶಾಲೆಗಳ ಅಂಕಿಅಂಶ ಕಲೆಹಾಕುವ ಯು-ಡೈಸ್ ವ್ಯವಸ್ಥೆ ಮಗುವಾರು ಲೆಕ್ಕ ಶುರುಮಾಡಿದ ಮೇಲೆ ದೇಶದ ದಾಖಲಾತಿ ಒಂದು ಕೋಟಿಗೂ ಹೆಚ್ಚು ಇಳಿದು 2023-24ರಲ್ಲಿ 24.80 ಕೋಟಿಗೆ ಬಂತು. ಅದರಲ್ಲಿ ಎಷ್ಟು ಕಾಣೆಯಾದ ಮಕ್ಕಳು, ಎಷ್ಟು ಕಾಗದದ ಮಕ್ಕಳು ಎಂಬುದು ಸಂಶೋಧಕರಿಗೆ ಬಿಟ್ಟ ಕೆಲಸ.

ಊರವರ ಆ ದಿಗಿಲಿಗೆ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಮದ್ದೂ ಇದೆ. 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು, ಶಿಕ್ಷಕರೊಬ್ಬರಿಗೆ ಕನಿಷ್ಠ ಒಂದು ಕೊಠಡಿ. ಹನ್ನೊಂದೇ ಮಕ್ಕಳಿರಲಿ, ಎರಡು ಕೊಠಡಿ ಅವರ ಹಕ್ಕು. ಇದಕ್ಕೆ ಕೈ ಹಾಕುವುದಿಲ್ಲ ಎಂಬ ಧೈರ್ಯ ಸಿಕ್ಕರೆ ಊರು ನಿಜ ಹೇಳುತ್ತದೆ. ನಲಿಕಲಿ ಪದ್ಧತಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಹಾಗಾಗಿ ತರಗತಿಗೊಂದು ಕೊಠಡಿ ಎಂಬ ಲೆಕ್ಕವೂ ತಪ್ಪು. ಖಾಲಿಯಾದವನ್ನು ಮುಚ್ಚಿಡುವುದೂ ಬೇಡ. ಜಪಾನಿನ ಶಿಕ್ಷಣ ಸಚಿವಾಲಯ ಮುಚ್ಚಿದ ಶಾಲೆಗಳ ಪಟ್ಟಿಯನ್ನು 2010ರಿಂದ ಬಹಿರಂಗವಾಗಿ ಹಾಕುತ್ತಿದೆ, ಬೇಕಾದವರು ಬಂದು ಬಳಸಲಿ ಎಂದು. ನಮ್ಮಲ್ಲಿ ಬಾಡಿಗೆ ಮನೆಯ ಅಂಗನವಾಡಿ ಒಂದು ಬೀದಿಯಲ್ಲಿ, ಬೀಗ ಹಾಕಿದ ಸರ್ಕಾರಿ ಕೊಠಡಿ ಅದರ ಎದುರಿಗೆ.

ಈ ಊರನ್ನು ‘ಬೆಳ್ಳಾವೆ’ ಎಂದು ಹೆಸರಿನ ಮುಂದೆ ಹೊತ್ತ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರು, 1918ರಲ್ಲಿ ಕನ್ನಡಕ್ಕೆ ‘ವಿಜ್ಞಾನ’ ಮಾಸಪತ್ರಿಕೆ ತಂದವರು. ಅಳತೆ ಮಾಡಿಯೇ ಮಾತಾಡುವ ಆ ಶಿಸ್ತನ್ನು ಮಧ್ಯಾಹ್ನದ ಗೋಷ್ಠಿಗೆ ಎರವಲು ಪಡೆಯೋಣ. ಪ್ರಬಂಧ ಮಂಡನೆಗೆ ಮುಂಚೆ ನನ್ನದೊಂದು ಕೋರಿಕೆ. ನಿಮ್ಮ ಕೈಲಿರುವ ಹಾಳೆಯ ಹಿಂಬದಿಯಲ್ಲಿ, 2031ರ ಜೂನ್‌ನಲ್ಲಿ ನಿಮ್ಮೂರ ಒಂದನೇ ತರಗತಿಗೆ ಬರಬೇಕಾದ ಮಕ್ಕಳ ಹೆಸರು ಬರೆಯಿರಿ. ಅವರೆಲ್ಲ ಈಗಾಗಲೇ ಹುಟ್ಟಿದ್ದಾರೆ. ಹೆಸರು ಗೊತ್ತಿಲ್ಲದಿದ್ದರೆ ಅಂಗನವಾಡಿ ಟೀಚರಿಗೆ ಫೋನ್ ಮಾಡಿ. ಊಟಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆ.