ಗಾಳಿ, ಬ್ಯಾಟರಿ ಮತ್ತು ಓಟದ ಕಾರು: ಜಾಂಗ್ ಲೇ ಅವರ ಕಸುಬು



ಇಂಧನ ಉದ್ಯಮದ ಕುರಿತ ಈ ವಿಚಾರ ಸಂಕಿರಣದ ಆಶಯವನ್ನು ಒಬ್ಬ ಉದ್ಯಮಿಯ ವೃತ್ತಿಜೀವನದ ಮೂಲಕ ಹೇಳಬೇಕೆಂದಿದ್ದೇನೆ. ಅವರು ಚೀನಾದ ಜಾಂಗ್ ಲೇ, ಎನ್‌ವಿಷನ್ ಸಮೂಹದ ಸ್ಥಾಪಕರು. ಅವರ ಕಂಪನಿ ಗಾಳಿಯಂತ್ರ ಮಾಡುತ್ತದೆ, ಬ್ಯಾಟರಿ ಮಾಡುತ್ತದೆ. ಜೊತೆಗೆ ವಿದ್ಯುತ್ ಕಾರುಗಳ ಫಾರ್ಮುಲಾ ಇ ಪಂದ್ಯಾವಳಿಯಲ್ಲಿ ಅದಕ್ಕೊಂದು ತಂಡವಿದೆ. ಉದ್ಯಮಿಗಳು ಆಟದ ತಂಡ ಕೊಂಡರೆ ನಾವು ಅದನ್ನು ಸಿರಿವಂತರ ಶೋಕಿ ಎಂದು ಪಕ್ಕಕ್ಕಿಡುತ್ತೇವೆ. ಇವರ ವಿಷಯದಲ್ಲಿ ಹಾಗೆ ಮಾಡಿದರೆ ಕಸುಬಿನ ತಿರುಳೇ ಕೈತಪ್ಪುತ್ತದೆ ಎಂಬುದು ನನ್ನ ವಾದ.

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದಿದ ಜಾಂಗ್, ತಾಯ್ನಾಡಿಗೆ ಮರಳಿ 2007ರಲ್ಲಿ ಯಾಂಗ್ಸಿ ನದಿಯ ದಡದ ಜಿಯಾಂಗ್‌ಯಿನ್ ಪಟ್ಟಣದಲ್ಲಿ ಕಂಪನಿ ಕಟ್ಟಿದರು. ಕಾಲ ಅವರಿಗೆ ಅನುಕೂಲವಾಗಿತ್ತು. ಚೀನಾದ ನವೀಕರಿಸಬಹುದಾದ ಇಂಧನ ಕಾಯ್ದೆ 2006ರಲ್ಲಿ ಜಾರಿಗೆ ಬಂದಿತ್ತು. 2009ರಲ್ಲಿ ಸರ್ಕಾರ ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ ಪವನ ವಿದ್ಯುತ್ತಿಗೆ ದರ ನಿಗದಿ ಮಾಡಿತು. ಈ ಆಸರೆಯನ್ನು ಬಿಟ್ಟು ಅವರ ಕತೆ ಹೇಳುವುದು ಅನ್ಯಾಯ. ಒಬ್ಬನ ಜಾಣ್ಮೆಯೊಂದರಿಂದಲೇ ಉದ್ಯಮ ಬೆಳೆಯಿತೆಂದು ನಂಬಿಸುವ ಜೀವನಚರಿತ್ರೆಗಳು ನಮ್ಮ ವಿದ್ಯಾರ್ಥಿಗಳ ಕಪಾಟಿನಲ್ಲಿ ಈಗಾಗಲೇ ತುಂಬಿವೆ.

ಹಾಗೆಂದು ಅವರ ಆಯ್ಕೆಗಳೇನೂ ಸಣ್ಣವಲ್ಲ. ಚೀನಾದಲ್ಲಿ ಜೋರು ಗಾಳಿ ಇರುವುದು ಒಳ ಮಂಗೋಲಿಯಾ, ಗಾನ್ಸು, ಶಿಂಜಿಯಾಂಗ್ ಕಡೆ. ವಿದ್ಯುತ್ತಿನ ಬೇಡಿಕೆ ಇರುವುದು ಪೂರ್ವ ಮತ್ತು ದಕ್ಷಿಣದ ನಗರಗಳಲ್ಲಿ. ನಡುವೆ ಸಾಕಷ್ಟು ಪ್ರಸರಣ ಮಾರ್ಗಗಳಿಲ್ಲದೆ, ತಿರುಗಬಲ್ಲ ಯಂತ್ರಗಳನ್ನೂ ನಿಲ್ಲಿಸಬೇಕಾದ ದಿನಗಳು ಬಂದವು. ಎನ್‌ವಿಷನ್ ಉದ್ದ ರೆಕ್ಕೆಗಳ, ಮಂದ ಗಾಳಿಗೂ ತಿರುಗುವ ಯಂತ್ರಗಳತ್ತ ಹೊರಳಿತು. ಬೇಡಿಕೆಯ ಹತ್ತಿರವೇ ವಿದ್ಯುತ್ ಹುಟ್ಟುವಂತೆ ಮಾಡುವ ದಾರಿ ಅದು. ಡೆನ್ಮಾರ್ಕಿನ ಸಿಲ್ಕೆಬೋರ್ಗ್‌ನಲ್ಲಿ ಸಂಶೋಧನಾ ಕೇಂದ್ರ ತೆರೆದು, ಥೈಬೊರಾನ್ ಕಡಲತಡಿಯಲ್ಲಿ ಎರಡೇ ರೆಕ್ಕೆಗಳ 3.6 ಮೆಗಾವ್ಯಾಟ್ ಯಂತ್ರ ನಿಲ್ಲಿಸಿದರು. ಮುಂದೆ ಯುರೋಪಿನ ಇಕೋಸ್ವಿಂಗ್ ಯೋಜನೆಯವರು ಅತಿವಾಹಕ ಜನರೇಟರನ್ನು ಪರೀಕ್ಷಿಸಿದ್ದು ಅದೇ ಯಂತ್ರದ ಮೇಲೆ. 2019ರ ಹೊತ್ತಿಗೆ, ನಿಸಾನ್ ಲೀಫ್ ಕಾರಿಗೆ ಬ್ಯಾಟರಿ ಒದಗಿಸುತ್ತಿದ್ದ ಎಇಎಸ್‌ಸಿ ಕಂಪನಿಯೂ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಕಾರ್ಖಾನೆಯ ಸಮೇತ ಇವರ ಹಿಡಿತಕ್ಕೆ ಬಂತು. 2022ರಲ್ಲಿ ಒಳ ಮಂಗೋಲಿಯಾದ, ಕಲ್ಲಿದ್ದಲಿಗೇ ಹೆಸರಾದ ಓರ್ಡೋಸ್‌ನಲ್ಲಿ ಗಾಳಿ ಮತ್ತು ಬಿಸಿಲಿನ ವಿದ್ಯುತ್ತಿನಿಂದ ನಡೆಯುವ ಇವರ ಕೈಗಾರಿಕಾ ವಲಯ ಶುರುವಾಯಿತು.

ಈಗ ಓಟದ ಮಾತು. 2014ರಲ್ಲಿ ಬೀಜಿಂಗ್‌ನಲ್ಲಿ ಫಾರ್ಮುಲಾ ಇ ಆರಂಭವಾದಾಗ ಒಂದು ಬ್ಯಾಟರಿಯಲ್ಲಿ ಓಟ ಮುಗಿಯುತ್ತಿರಲಿಲ್ಲ. ಚಾಲಕ ಅರ್ಧದಲ್ಲಿ ಇಳಿದು ಇನ್ನೊಂದು ಕಾರು ಹತ್ತಬೇಕಿತ್ತು. ಒಂದೇ ಕಾರಿನಲ್ಲಿ ಓಟ ಪೂರ್ತಿಯಾಗತೊಡಗಿದ್ದು 2018ರ ಕೊನೆಯಲ್ಲಿ ಶುರುವಾದ ಋತುವಿನಿಂದ. ಎನ್‌ವಿಷನ್ ಕಂಪನಿ ಈ ಪಂದ್ಯಾವಳಿಯ ವರ್ಜಿನ್ ತಂಡದ ಬಹುಪಾಲು ಒಡೆತನ ಪಡೆದದ್ದೂ ಅದೇ 2018ರಲ್ಲಿ. ಫಾರ್ಮುಲಾ ಇ ಯ ಮೂರನೇ ತಲೆಮಾರಿನ ಕಾರಿನ ಗರಿಷ್ಠ ಶಕ್ತಿ 350 ಕಿಲೋವ್ಯಾಟ್. ವೇಗ ತಗ್ಗಿಸುವಾಗ ಅದು 600 ಕಿಲೋವ್ಯಾಟ್ ವರೆಗೆ ಮರಳಿ ಪಡೆಯಬಲ್ಲದು. ಓಟದಲ್ಲಿ ಬಳಕೆಯಾಗುವ ಶಕ್ತಿಯ ಶೇ. 40ರಷ್ಟು ಹೀಗೆ ಓಟದಲ್ಲೇ ಹುಟ್ಟುತ್ತದೆ. ಪ್ರತಿ ಕಾರಿಗೂ ಬಳಸಬಹುದಾದ ಶಕ್ತಿಗೆ ಮಿತಿಯಿದೆ. ಮುಂದೆ ಓಡುವ ಕಾರು ಗಾಳಿಯನ್ನು ಸೀಳಬೇಕಾದ್ದರಿಂದ ಅದರ ಖರ್ಚು ಹೆಚ್ಚು; ಹಿಂದಿರುವವನು ಉಳಿತಾಯ ಮಾಡುತ್ತಾನೆ. ಕೆರೆ ತೂಬಿನ ಬಳಿ ನಿಂತು ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕೆಂದು ತೀರ್ಮಾನಿಸುವ ನೀರುಗಂಟಿಯ ಕೆಲಸವಿದು, ಗಂಟೆಗೆ 200 ಕಿಲೋಮೀಟರ್ ಮೀರಿದ ವೇಗದಲ್ಲಿ.

2023ರ ಫೆಬ್ರವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ಬಳಿ ನಡೆದ ಓಟವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಎನ್‌ವಿಷನ್ ತಂಡದ ಚಾಲಕ ನಿಕ್ ಕ್ಯಾಸಿಡಿ ಎರಡನೆಯವರಾದರು. ಅವರ ಜೊತೆಗಾರ ಸೆಬಾಸ್ಟಿಯನ್ ಬ್ಯೂಮಿ ಮೂರನೆಯವರಾಗಿ ಗೆರೆ ದಾಟಿದರೂ, ಶಕ್ತಿಯ ಮಿತಿ ಮೀರಿದ್ದಕ್ಕೆ ದಂಡ ತೆತ್ತು ಆ ಸ್ಥಾನ ಕಳೆದುಕೊಂಡರು. ಆ ವರ್ಷ ಜುಲೈನಲ್ಲಿ ಲಂಡನ್ನಿನಲ್ಲಿ ಎನ್‌ವಿಷನ್ ಆ ಋತುವಿನ ತಂಡಗಳ ಪ್ರಶಸ್ತಿ ಗೆದ್ದಿತು. ಎರಡನೆಯದಾಗಿ ಬಂದದ್ದು ಟಾಟಾ ಒಡೆತನದ ಜಾಗ್ವಾರ್. ಎನ್‌ವಿಷನ್ ಕಾರಿನೊಳಗಿದ್ದ ಮೋಟಾರು ವ್ಯವಸ್ಥೆಯೂ ಅದೇ ಜಾಗ್ವಾರಿನದು! ಕೊಂಡ ಯಂತ್ರದಿಂದ ಅದನ್ನು ಮಾರಿದವರನ್ನೇ ಸೋಲಿಸಿದರು. ಅಂಥದೇ ಯಂತ್ರ ಎದುರಾಳಿಯ ಬಳಿಯೂ ಇದ್ದ ಮೇಲೆ, ಆ ಗೆಲುವಿನ ದೊಡ್ಡ ಪಾಲು ಅದನ್ನು ನಡೆಸಿದವರ ಲೆಕ್ಕಾಚಾರಕ್ಕೆ ಸಲ್ಲಬೇಕು ಎಂದು ನಾನು ನಂಬುತ್ತೇನೆ.

ಇಲ್ಲಿ ನಾವು ಎಚ್ಚರದಿಂದ ಇರಬೇಕು. ರೇಸಿನ ತಂತ್ರಜ್ಞಾನ ನಾಳೆ ರಸ್ತೆಗೆ ಬರುತ್ತದೆ ಎಂಬ ಮಾತನ್ನು ಎಲ್ಲ ತಂಡಗಳೂ ಹೇಳುತ್ತವೆ. ಆದರೆ ಫಾರ್ಮುಲಾ ಇ ಕಾರಿನ ಬ್ಯಾಟರಿಯನ್ನು ಎಲ್ಲ ತಂಡಗಳಿಗೂ ಒಬ್ಬರೇ ಪೂರೈಸುತ್ತಾರೆ. ಅದು ಜಾಂಗ್ ಅವರ ಕಾರ್ಖಾನೆಯದಲ್ಲ. ಹಾಗಾಗಿ ಟ್ರ್ಯಾಕಿನಿಂದ ಅವರ ಕಾರ್ಖಾನೆಗೆ ಹೋಗುವ ಬಿಡಿಭಾಗಗಳನ್ನು ಹುಡುಕಬೇಡಿ. ಅವರು ಕೊಂಡದ್ದು ಜಗತ್ತಿನೆದುರು ತಮ್ಮ ವಾದ ಮಂಡಿಸುವ ವೇದಿಕೆಯನ್ನು, ಮಿತಿಯೊಳಗೆ ಶಕ್ತಿ ಹಂಚುವ ಕಲೆಯನ್ನು ಜನ ಕಣ್ಣಾರೆ ಕಾಣುವ ಆಟವನ್ನು. ಗಾಳಿಯಂತ್ರದಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಓರ್ಡೋಸ್‌ಗೆ ಅವರು ನಡೆದದ್ದೂ ಇದೇ ಪ್ರಶ್ನೆಯ ಹಿಂದೆ: ಇರುವ ಶಕ್ತಿಯನ್ನು ಯಾವಾಗ ಖರ್ಚು ಮಾಡುವುದು, ಯಾವಾಗ ಉಳಿಸುವುದು?

ಕರ್ನಾಟಕಕ್ಕೆ ಈ ಪ್ರಶ್ನೆ ಪರದೇಶದ್ದಲ್ಲ. ಚಿತ್ರದುರ್ಗದ, ಗದಗದ ಗುಡ್ಡಗಳ ಮೇಲೆ ಗಾಳಿ ಭರ್ತಿಯಾಗಿ ಬೀಸುವುದು ಜೂನ್‌ನಿಂದ ಸೆಪ್ಟೆಂಬರ್ ವರೆಗೆ. ಪಾವಗಡದ 2,050 ಮೆಗಾವ್ಯಾಟ್ ಸೌರಪಾರ್ಕು ಸಂಜೆಗೆ ಸುಮ್ಮನಾಗುತ್ತದೆ. ಉತ್ಪಾದನೆಯ ಸಾಮರ್ಥ್ಯ ಹೆಚ್ಚಿಸುವುದರ ಬಗ್ಗೆ ನಾವು ಬಹಳ ಮಾತಾಡಿದ್ದೇವೆ, ಹೊತ್ತಿನ ಬಗ್ಗೆ ಕಡಿಮೆ. ಈ ಗೋಷ್ಠಿಗಳಲ್ಲಿ ಆ ಕೊರತೆ ತುಂಬಬೇಕೆಂಬುದೇ ನನ್ನ ಆಶಯ. ಸಂಜೆ ಏಳಕ್ಕೆ ಸಿಗುವ ಒಂದು ಯೂನಿಟ್ಟಿಗೆ ಮಧ್ಯಾಹ್ನದ ಯೂನಿಟ್ಟಿಗಿಂತ ಎಷ್ಟು ಹೆಚ್ಚು ಕೊಡಬೇಕು, ಆ ಹೆಚ್ಚಿನ ಹೊರೆಯನ್ನು ಪಂಪ್‌ಸೆಟ್ಟಿನ ರೈತ ಹೊರಬೇಕೋ, ಕಾರ್ಖಾನೆಯೋ, ಸರ್ಕಾರವೋ? ಮೊದಲ ಗೋಷ್ಠಿ ಅಲ್ಲಿಂದಲೇ ಶುರುವಾಗಲಿ.