ಸುಂಕದ ಕಟ್ಟೆಯಲ್ಲಿ ಓದುಗರ ಪಾಲು



2024ರ ಜನವರಿ 1ರಂದು ಕನ್ನಡಿಗರ ಮನೆಗೆ ಸದ್ದಿಲ್ಲದೆ ಒಂದು ಆಸ್ತಿ ಬಂತು. ತ್ರಿವೇಣಿಯವರು 1963ರಲ್ಲಿ ತೀರಿಕೊಂಡರು. ಮಂಜೇಶ್ವರದ ಗೋವಿಂದ ಪೈಗಳು ನಮ್ಮನ್ನಗಲಿದ್ದೂ ಅದೇ ವರ್ಷ. ಇವರಿಬ್ಬರ ಜೀವಿತಕಾಲದಲ್ಲಿ ಅಚ್ಚಾದ ಕೃತಿಗಳು ಆ ದಿನದಿಂದ ಸಾರ್ವಜನಿಕ ಸ್ವತ್ತಾದವು. ಇಂದು ಯಾವ ಊರಿನ ಸಣ್ಣ ಪ್ರಕಾಶಕನೂ ಅವನ್ನು ಅಚ್ಚು ಹಾಕಬಹುದು, ರಂಗತಂಡ ಆಡಬಹುದು, ಮೇಷ್ಟ್ರು ಧ್ವನಿಪುಸ್ತಕ ಮಾಡಿ ಮಕ್ಕಳಿಗೆ ಕೇಳಿಸಬಹುದು. ಲೇಖಕರು ಬದುಕಿರುವವರೆಗೆ, ಆಮೇಲೆ 60 ವರ್ಷ ಕೃತಿಸ್ವಾಮ್ಯ ಎಂಬುದು ನಮ್ಮ ಕಾಯ್ದೆ.

ಇದಕ್ಕೆ ಒಂದು ವರ್ಷ ಮೊದಲು, 2023ರ ಜನವರಿ 1ರಂದು, ಕೆನಡಾದವರಿಗೂ ಇಂಥದೇ ಒಂದು ದಿನ ಬರಬೇಕಾಗಿತ್ತು. ಅಲ್ಲಿ ಲೇಖಕರ ನಂತರದ ಅವಧಿ 50 ವರ್ಷ ಇತ್ತು. ಅವರ ಮಾಜಿ ಪ್ರಧಾನಿ, ನೊಬೆಲ್ ಶಾಂತಿ ಪುರಸ್ಕೃತ ಲೆಸ್ಟರ್ ಪಿಯರ್ಸನ್ ತೀರಿಕೊಂಡದ್ದು 1972ರ ಡಿಸೆಂಬರಿನಲ್ಲಿ. ಅವರ ಬರಹ ಜನರ ಕೈಗೆ ಬರಲು ಎರಡೇ ದಿನ ಉಳಿದಿತ್ತು. 2022ರ ಡಿಸೆಂಬರ್ 30ರಂದು ಅವಧಿಯನ್ನು 70 ವರ್ಷಕ್ಕೆ ಏರಿಸಿದ ತಿದ್ದುಪಡಿ ಜಾರಿಗೆ ಬಂತು. ಇನ್ನು ಅಲ್ಲಿ ಲೇಖಕರ ಮರಣದಿಂದ ಎಣಿಸುವ ಯಾವ ಕೃತಿಯೂ 2043ರವರೆಗೆ ಬಿಡುಗಡೆಯಾಗುವುದಿಲ್ಲ.

ಕೆನಡಾದ ಲೇಖಕರು ಬೀದಿಗಿಳಿದು ಕೇಳಿದ್ದಕ್ಕೆ ಬಂದ ತಿದ್ದುಪಡಿ ಇದಲ್ಲ. 2018ರ ಮಾರ್ಚಿನಲ್ಲಿ ಪೆಸಿಫಿಕ್ ವಲಯದ 11 ದೇಶಗಳು ಒಂದು ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಅಮೆರಿಕ ಅದರಿಂದ ಹೊರನಡೆದಿದ್ದರಿಂದ, ಅದು ಒತ್ತಾಯಿಸಿದ್ದ 70 ವರ್ಷದ ಷರತ್ತನ್ನು ಉಳಿದವರು ತಡೆಹಿಡಿದರು. ಆ ಹನ್ನೊಂದರಲ್ಲಿ ಕೆನಡಾ ಕೂಡ ಒಂದು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕ, ಮೆಕ್ಸಿಕೊಗಳ ಜೊತೆ ಮಾಡಿಕೊಂಡ ಇನ್ನೊಂದು ಒಪ್ಪಂದದಲ್ಲಿ ಅದೇ ಷರತ್ತಿಗೆ ಅದೇ ಕೆನಡಾ ತಲೆಬಾಗಿತು. ಎಂಟು ತಿಂಗಳಲ್ಲಿ ಸಾಹಿತ್ಯವೇನೂ ಬದಲಾಗಿರಲಿಲ್ಲ. ಮೇಜಿನ ಆಚೆ ಕುಳಿತವರು ಬದಲಾಗಿದ್ದರು. ಹೆಚ್ಚುವರಿ 20 ವರ್ಷ ಬೇಕೆನ್ನುವವರು ನೋಂದಣಿ ಮಾಡಿಸಲಿ, ಉಳಿದದ್ದು ಜನರಿಗೆ ಸಿಗಲಿ ಎಂದು 2019ರಲ್ಲಿ ಅಲ್ಲಿನ ಸಂಸದೀಯ ಸಮಿತಿ ಸಲಹೆ ನೀಡಿತು. ಅದೂ ಕಾಯ್ದೆಯೊಳಗೆ ಸೇರಲಿಲ್ಲ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮಲ್ಲಿದೆ. ವ್ಯಾಪಾರದ ಮಾತುಕತೆಯಲ್ಲಿ ಓದುಗರ ಸ್ಥಿತಿ ಅದೇ. ಹಾಲಿನ ಆಮದಿಗೆ ದಾರಿ ಬಿಟ್ಟರೆ ರೈತರು ಮರುದಿನವೇ ದನಿ ಎತ್ತುತ್ತಾರೆ. ಇಪ್ಪತ್ತು ವರ್ಷ ಬಿಟ್ಟು ಓದಬೇಕಾದವರು ಇನ್ನೂ ಹುಟ್ಟಿರುವುದಿಲ್ಲ. ಹಾಗಾಗಿ ಕೃತಿಸ್ವಾಮ್ಯವು ಅಧಿಕಾರಿಗಳಿಗೆ ಸುಲಭವಾಗಿ ಬಿಟ್ಟುಕೊಡಬಹುದಾದ ಸರಕಾಗಿ ಕಾಣುತ್ತದೆ. ಆದರೆ ಅದು ಸುಂಕದಂಥ ಸರಕಲ್ಲ. ಸುಂಕದ ರಿಯಾಯಿತಿಯನ್ನು ಒಪ್ಪಂದ ಮಾಡಿಕೊಂಡ ದೇಶಕ್ಕಷ್ಟೇ ಕೊಡಬಹುದು. ಬೌದ್ಧಿಕ ಸ್ವತ್ತಿನಲ್ಲಿ ಒಬ್ಬರಿಗೆ ಕೊಟ್ಟ ಅನುಕೂಲ, 1995ರಿಂದ ಜಾರಿಯಲ್ಲಿರುವ ಟ್ರಿಪ್ಸ್ ಒಪ್ಪಂದದ 4ನೆಯ ವಿಧಿಯಂತೆ, ಸಾಮಾನ್ಯವಾಗಿ ವಿಶ್ವ ವ್ಯಾಪಾರ ಸಂಘಟನೆಯ ಎಲ್ಲ ಸದಸ್ಯರಿಗೂ ಸಲ್ಲುತ್ತದೆ. ಆ ಟ್ರಿಪ್ಸ್ ಕೂಡ ಕೇಳುವುದು 50 ವರ್ಷವನ್ನೇ. ಯುರೋಪ್ 1993ರಲ್ಲಿ, ಅಮೆರಿಕ 1998ರಲ್ಲಿ 70ನ್ನು ತಮಗಾಗಿ ಆರಿಸಿಕೊಂಡವು. ಆಮೇಲೆ ಅದನ್ನೇ ಪರರ ಮನೆಗೆ ಕಳಿಸತೊಡಗಿದವು.

ಒತ್ತಡ ಅವಧಿಯ ಮೇಲಷ್ಟೇ ಬೀಳುವುದಿಲ್ಲ. ದಕ್ಷಿಣ ಆಫ್ರಿಕದ 1978ರ ಕಾಯ್ದೆಯಲ್ಲಿ ಅಂಧ ಓದುಗರಿಗೆ ವಿನಾಯಿತಿ ಇರಲಿಲ್ಲ. ಒಂದು ಪುಸ್ತಕವನ್ನು ಬ್ರೈಲ್‌ಗೆ ಇಳಿಸಲೂ ಹಕ್ಕುದಾರರ ಅನುಮತಿ ಬೇಕಿತ್ತು. ಇದನ್ನು ಸರಿಪಡಿಸುವ ಅಂಶವೂ ಇದ್ದ ಮಸೂದೆಯನ್ನು ಅಲ್ಲಿನ ಸಂಸತ್ತು 2019ರಲ್ಲಿ ಅಂಗೀಕರಿಸಿತು. ಅಮೆರಿಕದ ಪ್ರಕಾಶನ, ಸಿನಿಮಾ, ಸಂಗೀತ ಉದ್ಯಮಗಳ ಒಕ್ಕೂಟ ತನ್ನ ಸರ್ಕಾರಕ್ಕೆ ದೂರು ಕೊಟ್ಟಿತು. ದಕ್ಷಿಣ ಆಫ್ರಿಕದ ಸರಕುಗಳಿಗೆ ಇದ್ದ ಸುಂಕವಿನಾಯಿತಿಯನ್ನೇ ಅಮೆರಿಕ ಮರುಪರಿಶೀಲನೆಗೆ ಒಳಪಡಿಸಿತು. 2020ರ ಜೂನಿನಲ್ಲಿ ದಕ್ಷಿಣ ಆಫ್ರಿಕದ ಅಧ್ಯಕ್ಷರು ಮಸೂದೆಯನ್ನು ಸಹಿಯಿಲ್ಲದೆ ಹಿಂದಿರುಗಿಸಿದರು. ಕೊಟ್ಟ ಕಾರಣ ಸಂವಿಧಾನದ್ದು. ಕೊನೆಗೆ ಅಂಧರ ಸಂಘಟನೆಯೇ ನ್ಯಾಯಾಲಯದ ಮೆಟ್ಟಿಲೇರಿ, 2022ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯದಿಂದ ತನ್ನ ಹಕ್ಕನ್ನು ಪಡೆಯಬೇಕಾಯಿತು.

ನಮ್ಮಲ್ಲಿ ಆ ವಿನಾಯಿತಿ 2012ರ ತಿದ್ದುಪಡಿಯಲ್ಲೇ ಬಂತು. ಅಂಧ ಓದುಗರಿಗಾಗಿ ಆದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಸ್ಥಿರೀಕರಿಸಿದ್ದು ಭಾರತ. ಪಾಠಕ್ಕೆ ಬೇಕಾದ ಪುಟಗಳ ನೆರಳಚ್ಚು ತಪ್ಪಲ್ಲವೆಂದು ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿತು. ಇವೆಲ್ಲ ನಮ್ಮ ಸಂಸತ್ತು, ನಮ್ಮ ನ್ಯಾಯಾಲಯ ವಾದ ಕೇಳಿ ಮಾಡಿದ ತೀರ್ಮಾನಗಳು. ಅಮೆರಿಕದ ವಾಣಿಜ್ಯ ಪ್ರತಿನಿಧಿಯ ಕಚೇರಿ ಮಾತ್ರ ವರ್ಷವರ್ಷವೂ ಹೊರಡಿಸುವ ವಿಶೇಷ 301 ವರದಿಯಲ್ಲಿ ಭಾರತವನ್ನು ಆದ್ಯತೆಯ ನಿಗಾ ಪಟ್ಟಿಯಲ್ಲಿ ನಿಲ್ಲಿಸುತ್ತಲೇ ಬಂದಿದೆ.

ನಾನು ಲೇಖಕರ ಹಕ್ಕಿಗೆ ವಿರುದ್ಧವಾಗಿ ಮಾತಾಡುತ್ತಿಲ್ಲ. ಗೌರವಧನ ಸಿಗದ ಬರಹಗಾರನ ಕಷ್ಟ ಕನ್ನಡ ಬಲ್ಲ ಎಲ್ಲರಿಗೂ ಗೊತ್ತು. ನಾವೂ ಅವಧಿ ಹೆಚ್ಚಿಸಿದವರೇ: ರವೀಂದ್ರನಾಥ ಟ್ಯಾಗೋರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯಲಿದ್ದಾಗ 50 ವರ್ಷವನ್ನು 60 ಮಾಡಿದೆವು. ಅದು ಸರಿಯೋ ತಪ್ಪೋ, ನಾವೇ ಮಾಡಿದ ತೀರ್ಮಾನ. ಆದರೆ ನಮ್ಮಲ್ಲಿ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಲು ಸರ್ಕಾರಕ್ಕೆ ಸಂಸತ್ತಿನ ಪೂರ್ವಾನುಮತಿ ಬೇಕಿಲ್ಲ. ಕಾಯ್ದೆ ಬದಲಿಸುವ ಮಸೂದೆ ಸದನಕ್ಕೆ ಬರುವ ಹೊತ್ತಿಗೆ ದೇಶ ಮಾತು ಕೊಟ್ಟಾಗಿರುತ್ತದೆ.

ಆದ್ದರಿಂದ ನನ್ನ ಬಿನ್ನಹ ಇಷ್ಟು. ವ್ಯಾಪಾರ ಒಪ್ಪಂದದ ಸುದ್ದಿ ಬಂದಾಗ ಕಾರು, ಮದ್ಯ, ಹಾಲಿನ ಸಾಲುಗಳನ್ನು ಓದಿ ಪತ್ರಿಕೆ ಮಡಚಬೇಡಿ. ಬೌದ್ಧಿಕ ಸ್ವತ್ತಿನ ಅಧ್ಯಾಯದಲ್ಲಿ ಏನಿದೆ ಎಂದು ಕೇಳಿ. ಸಹಿ ಬೀಳುವ ಮೊದಲೇ ಕರಡನ್ನು ತೋರಿಸಿ ಎಂದು ನಿಮ್ಮ ಸಂಸದರಿಗೆ ಪತ್ರ ಬರೆಯಿರಿ. ಲೇಖಕರು, ಪ್ರಕಾಶಕರು, ಗ್ರಂಥಪಾಲಕರು ಒಟ್ಟಾಗಿ ಬರೆಯಲಿ.

ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರು ಪ್ರಕಟಿಸಿದ ಕಾವ್ಯ ಇಂದಿನ ಕಾಯ್ದೆಯಂತೆ 2042ರ ಜನವರಿ 1ರಂದು ಎಲ್ಲರದಾಗಬೇಕು. ಅವಧಿ 70 ಆದರೆ ಅದು 2052. ಆ ದಿನಾಂಕ ಬದಲಾಗಲೇಬೇಕಾದರೆ ನಮ್ಮ ಸಂಸತ್ತಿನಲ್ಲಿ, ನಮ್ಮ ಕಣ್ಣೆದುರು, ನಮ್ಮ ಮಾತು ಕೇಳಿ ಬದಲಾಗಲಿ.